ಎಂಟು ಸೀಸನ್ ಓಡಿಸಿದ ರೈಡಿಂಗ್ ಮೋವರ್: ಎಂಜಿನ್ ಗಟ್ಟಿ, ತಗಡು ತೆಳು

ನಮ್ಮ ಮನೆ ನಾರ್ತ್ ಕ್ಯಾರೊಲಿನಾದ ರಾಲಿ ಹತ್ತಿರ. ಹುಲ್ಲು ಸುಮಾರು ಮುಕ್ಕಾಲು ಎಕರೆ. 2017ರಲ್ಲಿ ದೊಡ್ಡ ಅಂಗಡಿಯೊಂದರಲ್ಲಿ ರೈಡಿಂಗ್ ಮೋವರ್, ಅಂದರೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿ ತಗೊಂಡೆ. ಅದರ ಡೆಕ್, ಅಂದರೆ ಬ್ಲೇಡ್‌ಗಳನ್ನು ಮುಚ್ಚುವ ತಗಡಿನ ಗೂಡು, 42 ಇಂಚು. ಎಂಟು ಸೀಸನ್ ಮುಗಿದಾಗ ಎಂಜಿನ್ ಓಡಿದ ಗಂಟೆ ಎಣಿಸುವ ಅವರ್ ಮೀಟರ್ 310 ತೋರಿಸುತ್ತಿತ್ತು.

ಎಂಜಿನ್ ಬಗ್ಗೆ ದೂರಿಲ್ಲ. ಎರಡು ಸಿಲಿಂಡರ್, 50 ಗಂಟೆಗೊಮ್ಮೆ ಆಯಿಲ್, ಅಷ್ಟೇ. ಮೊದಲ ಚಳಿಗಾಲ ಟ್ಯಾಂಕಲ್ಲಿ ಪೆಟ್ರೋಲ್ ಹಾಗೇ ಬಿಟ್ಟಿದ್ದೆ. ಇಲ್ಲಿ ಸಾಮಾನ್ಯವಾಗಿ ಸಿಗುವುದು 10% ಎಥನಾಲ್ ಬೆರೆಸಿದ್ದು. ಮಾರ್ಚಲ್ಲಿ ನೋಡಿದರೆ ಕಾರ್ಬ್ಯುರೇಟರ್ ಕಟ್ಟಿಕೊಂಡಿತ್ತು. ಅದು ನನ್ನ ತಪ್ಪು, ಗಾಡಿಯದಲ್ಲ.

ತೊಂದರೆ ಇರುವುದು ಕೆಳಗಡೆ. ನಾಲ್ಕನೇ ವರ್ಷ ಡೆಕ್ ಬಿಚ್ಚಿ ಮಗುಚಿ ಹಾಕಿ, ಒಳಗೆ ಅಂಟಿದ್ದ ಹುಲ್ಲು ಕೆರೆಯುತ್ತಿದ್ದೆ. ಒಣಗಿ ಬೆರಣಿ ಥರ ಆಗಿತ್ತು. ಒಂದು ಹೆಂಟೆ ಕಿತ್ತು ಬಂತು, ಜೊತೆಗೆ ತುಕ್ಕಿನ ಪದರವೂ ಬಂತು. ಸ್ಕ್ರೂಡ್ರೈವರ್ ತುದಿ ಇಟ್ಟು ಸ್ವಲ್ಪ ಒತ್ತಿದೆ. ಆ ಕಡೆಯಿಂದ ಹೊರಗೆ ಬಂತು! ಹೊಟ್ಟೆ ಉರಿದುಹೋಯಿತು. ಮೇಲಿನ ಬಣ್ಣ ಇನ್ನೂ ಹೊಸದರಂತೆ ಹೊಳೆಯುತ್ತಿತ್ತು.

ಆಮೇಲೆ ಗೊತ್ತಾಯಿತು, ನನ್ನದು 13 ಗೇಜ್ ತಗಡು, ಅಂದರೆ ಸುಮಾರು 2.3 ಮಿಲಿಮೀಟರ್. 10 ಗೇಜ್ ಆಗಿದ್ದರೆ 3.4 ಇರುತ್ತಿತ್ತು. ಗೇಜ್ ನಂಬರ್ ಕಮ್ಮಿ ಆದಷ್ಟೂ ತಗಡು ದಪ್ಪ. ಇನ್ನೊಂದು ಮಾತು. ಡೆಕ್ ಮೇಲೆ ಪೈಪ್ ಸಿಕ್ಕಿಸಿ ತೊಳೆಯಲು ಒಂದು ಬಾಯಿ ಕೊಟ್ಟಿರುತ್ತಾರೆ. ನಾನು ಪ್ರತಿ ಸಲ ತೊಳೆಯುತ್ತಿದ್ದೆ. ಹುಲ್ಲು ಪೂರ್ತಿ ಹೋಗಲ್ಲ, ನೀರು ಅದರ ಅಡಿಯಲ್ಲೇ ಕೂರುತ್ತದೆ. ಈಗ ನೀರು ಮುಟ್ಟಿಸುವುದಿಲ್ಲ. ಕೆರೆದು, ಬ್ಲೋವರ್ ಹಿಡಿಯುತ್ತೇನೆ.

ಬ್ಲೇಡ್ ತಿರುಗುವ ಸ್ಪಿಂಡಲ್‌ನ ಗೂಡು ಅಲ್ಯೂಮಿನಿಯಂ. ಒಂದು ಬೇರಿಗೆ ಬ್ಲೇಡ್ ಬಡಿದದ್ದೇ ತಡ, ಬೋಲ್ಟ್ ಕೂರುವ ಕಿವಿ ಸೀಳಿತು. ಗ್ರೀಸ್ ಹಾಕಲು ನಿಪ್ಪಲ್ ಕೂಡ ಇರಲಿಲ್ಲ. ನಿಪ್ಪಲ್ ಇರುವುದನ್ನೇ ಹುಡುಕಿ ಹಾಕಿದೆ. ಅದು ಇವತ್ತಿಗೂ ಸದ್ದು ಮಾಡಿಲ್ಲ. ಮುಂದಿನ ಚಕ್ರಕ್ಕೂ ಬೇರಿಂಗ್ ಬದಲು ಪ್ಲಾಸ್ಟಿಕ್ ಬುಶ್ ಇತ್ತು. ಐದನೇ ವರ್ಷಕ್ಕೆ ಚಕ್ರ ಅಲ್ಲಾಡತೊಡಗಿತು.

ಹೈಡ್ರೋಸ್ಟಾಟಿಕ್ ಗೇರ್‌ಬಾಕ್ಸ್, ಅಂದರೆ ಆಯಿಲ್ ಒತ್ತಡದಿಂದ ಚಕ್ರ ತಿರುಗಿಸುವಂಥದ್ದು, ಸಮತಟ್ಟು ನೆಲಕ್ಕೆ ಸಾಕು. ಏರಲ್ಲಿ ಅರ್ಧ ಗಂಟೆ ಓಡಿಸಿದರೆ ಬಿಸಿಯಾಗಿ ಎಳೆತ ಕಮ್ಮಿ ಆಗುತ್ತದೆ. ಗೊಬ್ಬರದ ಟ್ರಾಲಿ ಎಳೆಸುವ ಆಸೆ ಇದ್ದರೆ ಇದು ಬೇಡ.

ಅಂಗಡಿಗೆ ಹೋದಾಗ ಸೀಟು, ಕಪ್ ಹೋಲ್ಡರ್ ನೋಡಿ ಮರುಳಾಗಬೇಡಿ. ಮಂಡಿಯೂರಿ ಕೆಳಗೆ ಬಗ್ಗಿ. ಮುಂದಿನ ಆಕ್ಸಲ್ ಮಡಚಿದ ತಗಡೋ, ಬೀಡು ಕಬ್ಬಿಣವೋ? ಗ್ರೀಸ್ ನಿಪ್ಪಲ್ ಎಷ್ಟಿವೆ? ಚಕ್ರ ಹಿಡಿದು ಅಲ್ಲಾಡಿಸಿ. ಸೇಲ್ಸ್‌ನವರು ನೋಡಿದರೆ ನೋಡಲಿ, ದುಡ್ಡು ನಿಮ್ಮದಲ್ವಾ?

ನಾನು ತೂತಿಗೆ ಒಳಗಿನಿಂದ ಪ್ಲೇಟ್ ವೆಲ್ಡ್ ಮಾಡಿಸಿದ್ದೇನೆ. ಅಂಥ ಎಂಜಿನ್ ಬಿಸಾಡಲು ಮನಸ್ಸು ಬರಲಿಲ್ಲ.