ಹೊಸ ಕಟ್ಟಿಗೆಗೆ ಬಿಳಿ ಲೋಳೆ: ಬಿಡುವುದಾ, ಕುದಿಸುವುದಾ, ಸೀಗಡಿ ತರುವುದಾ?

ಅಕ್ವೇರಿಯಂಗೆ ಹೊಸದಾಗಿ ಹಾಕಿದ ಕಟ್ಟಿಗೆ ಮೇಲೆ ಬಿಳಿ ಲೋಳೆ ಬಂದರೆ ಗಾಬರಿ ಬೇಡ. ಕಟ್ಟಿಗೆ ಬಿಡುವ ಸಕ್ಕರೆ ಅಂಶ ತಿಂದು ಬೆಳೆಯುವ ಬೂಷ್ಟು, ಬ್ಯಾಕ್ಟೀರಿಯಾ ಅದು. ಸಾಮಾನ್ಯವಾಗಿ ಮೀನಿಗೆ ತೊಂದರೆಯಿಲ್ಲ.

ಖರ್ಚು ನೋಡಿದರೆ ಸುಮ್ನೆ ಬಿಡುವುದೇ ಸುಲಭ. ಆ ಅಂಶ ಮುಗಿದ ಮೇಲೆ, ಕೆಲವು ವಾರಗಳಲ್ಲಿ, ತಾನಾಗಿಯೇ ಹೋಗುತ್ತದೆ. ಆದರೆ ಪುಟ್ಟ ತೊಟ್ಟಿಯಲ್ಲಿ ಲೋಳೆ ಜಾಸ್ತಿಯಾಗಿ, ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಕಾಯಬೇಡಿ. ಆಮ್ಲಜನಕ ಕಡಿಮೆಯಾಗಿರಬಹುದು.

ಬೇಗ ಹೋಗಬೇಕೆಂದರೆ ಕಟ್ಟಿಗೆ ಹೊರತೆಗೆದು, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಒಂದೆರಡು ಗಂಟೆ ಕುದಿಸಿ. ಸೋಪು ಬೇಡವೇ ಬೇಡ. ಲೋಳೆ ಮತ್ತೆ ಬಂದರೂ ಬರಬಹುದು. ಗಿಡ ಅಂಟಿಸಿದ ಕಟ್ಟಿಗೆಯನ್ನು ಹೀಗೆ ಕುದಿಸಲು ಆಗುವುದಿಲ್ಲ.

ಆಗ ಚೆರ್ರಿ ಸೀಗಡಿ, ಬಸವನಹುಳು ಒಳ್ಳೆಯದು. ಸೀಗಡಿಗಳು ಪುಟ್ಟ ಕಾಲಲ್ಲಿ ಲೋಳೆ ಕಿತ್ತು ಕಿತ್ತು ಬಾಯಿಗಿಡುವುದನ್ನು ನೋಡುವುದೇ ಚೆಂದ. ದುಡ್ಡು ಖರ್ಚಾಗುತ್ತದೆ, ಆಮೇಲೂ ಸಾಕಬೇಕು. ಹೊಸ ತೊಟ್ಟಿಗೆ ತರಲೇಬೇಡಿ. ತರುವ ಮುಂಚೆ ನೀರು ಪರೀಕ್ಷಿಸುವ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ (ಗಲೀಜಿನಿಂದ ನೀರಲ್ಲಿ ಸೇರುವ ವಿಷಗಳು) ಎರಡೂ 0 ತೋರಿಸಬೇಕು. ಬೆಟ್ಟಾ ಮೀನಿದ್ದರೆ ಸೀಗಡಿಯನ್ನು ಹಿಡಿದು ತಿನ್ನಬಹುದು, ಬಸವನಹುಳುವೇ ವಾಸಿ.

ಹತ್ತಿಯಂಥ ಬಿಳಿ ಪದರ ಮೀನಿನ ಮೈಮೇಲೇ ಇದ್ದರೆ ಈ ಮೂರೂ ಉಪಯೋಗಕ್ಕೆ ಬರುವುದಿಲ್ಲ. ಅದು ರೋಗ, ಮೀನನ್ನು ಬೇರೆ ತೊಟ್ಟಿಯಲ್ಲಿಟ್ಟು ಔಷಧಿ ಕೊಡಿ. ತಾಮ್ರವಿರುವ ಔಷಧಿ ಸೀಗಡಿ ಇರುವ ನೀರಿಗೆ ಬೀಳಬಾರದು.