ಟಾಮ್ ಫೋರ್ಡ್ ಊದ್ ವುಡ್: ನಾಲ್ಕು ವರ್ಷ ಹಚ್ಚಿಕೊಂಡ ಮೇಲೆ

ಮೊದಲ ಸಲ ಮಣಿಕಟ್ಟಿಗೆ ಹಾಕಿಕೊಂಡಾಗ ಇದು ನನಗೆ ಹಿಡಿಸಲಿಲ್ಲ. ಇಷ್ಟು ಹೆಸರು ಮಾಡಿದ ಸೆಂಟು ಇಷ್ಟೇನಾ ಅನ್ನಿಸಿತು. ಏಲಕ್ಕಿ ಬಿಡಿಸಿದಾಗ ಮೂಗಿಗೆ ತಾಗುವಂಥ ಒಂದು ಚುರುಕು, ಅದರ ಹಿಂದೆ ಒಣ ಮರದ ವಾಸನೆ, ಅಷ್ಟೆ. ಆ ರಾತ್ರಿ ಓದುತ್ತಾ ಗಲ್ಲಕ್ಕೆ ಕೈ ಊರಿ ಕೂತಿದ್ದೆ. ಎಲ್ಲಿಂದಲೋ ಬೆಚ್ಚನೆಯ ಪರಿಮಳ ಬಂತು. ಕೋಣೆಯ ಸುತ್ತ ನೋಡಿದೆ, ಏನೂ ಇಲ್ಲ. ನನ್ನ ಕೈಯೇ ಅದು. ಹಾಕಿ ಐದು ಗಂಟೆ ಆಗಿತ್ತು. ಮರುವಾರ 50 ಮಿ.ಲೀ. ಬಾಟಲಿ ಕೊಂಡೆ.

ಒಂದು ಸಲ ಒತ್ತಿದರೆ ಹೆಚ್ಚುಕಡಿಮೆ 0.1 ಮಿ.ಲೀ. ಹೊರಬರುತ್ತದೆ, ಹಾಗಾಗಿ ಒಂದು ಬಾಟಲಿಗೆ ಸುಮಾರು 500 ಸ್ಪ್ರೇ. ವಾರಕ್ಕೆ ಮೂರ್ನಾಲ್ಕು ದಿನ, ದಿನಕ್ಕೆ ಎರಡೇ ಸ್ಪ್ರೇ ನನ್ನ ರೂಢಿ. ಈಗ ಮೂರನೆಯ ಬಾಟಲಿಯ ತಳ ಕಾಣುತ್ತಿದೆ. ಇಷ್ಟು ಕಾಲ ಜೊತೆಗಿದ್ದ ಮೇಲೆ ಬರೆಯಬಹುದು ಅನ್ನಿಸಿದೆ.

ಊದ್ ವುಡ್ 2007ರಲ್ಲಿ ಟಾಮ್ ಫೋರ್ಡ್ ಕಂಪನಿಯ ಪ್ರೈವೇಟ್ ಬ್ಲೆಂಡ್ ಎಂಬ ಸಾಲಿನಲ್ಲಿ ಬಂತು. ಇದರ ಪರಿಮಳ ಕಟ್ಟಿದವರು ರಿಚರ್ಡ್ ಹರ್ಪಿನ್. ಅದಕ್ಕೆ ಮುಂಚೆ 2002ರಲ್ಲಿ ಈವ್ ಸಾಂ ಲೊರಾಂ ಎಂಬ ಫ್ರೆಂಚ್ ಫ್ಯಾಷನ್ ಸಂಸ್ಥೆ ಎಂ7 ಎಂಬ ಗಂಡಸರ ಸೆಂಟಿನಲ್ಲಿ ಊದನ್ನು ಮುಂದಿಟ್ಟಿತ್ತು. ಹರ್ಪಿನ್ ಅದೇ ಊದನ್ನು ತೆಗೆದುಕೊಂಡು, ಗಂಡು ಹೆಣ್ಣು ಎಂಬ ಚೀಟಿ ಅಂಟಿಸದೆ, ಮೆತ್ತಗೆ ಮಾತಾಡಿಸಿದ್ದಾರೆ.

ಊದ್ ಎಂದರೆ ನಮಗೆ ಹೊಸತೇನಲ್ಲ, ಅದು ಅಗರು. ಅಗರಬತ್ತಿ, ಊದುಬತ್ತಿ ಎರಡೂ ಹೆಸರಿನಲ್ಲಿ ಇರುವುದು ಅದೇ ಮರ. ಅಕ್ವಿಲೇರಿಯಾ ಜಾತಿಯ ಮರಕ್ಕೆ ಗಾಯವಾಗಿ ಒಳಗೆ ಶಿಲೀಂಧ್ರ ಹೊಕ್ಕಾಗ, ಮರ ತನ್ನ ರಕ್ಷಣೆಗೆ ಕಪ್ಪನೆಯ ರಾಳ ಸುರಿಸುತ್ತದೆ. ಆ ರಾಳ ತುಂಬಿದ ತಿರುಳೇ ಅಗರು. ಆರೋಗ್ಯವಾಗಿರುವ ಮರದ ಬಿಳಿ ಕಟ್ಟಿಗೆಗೆ ಹೇಳಿಕೊಳ್ಳುವಂಥ ಪರಿಮಳವಿಲ್ಲ. ಕಾಡಿನ ಅಗರು ಮರಗಳನ್ನು ಎಷ್ಟು ಕಡಿದಿದ್ದಾರೆಂದರೆ ಇಂದು ಆ ಕುಲದ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಎಂಬ, ಅಪಾಯದಲ್ಲಿರುವ ಜೀವಜಾತಿಗಳ ವ್ಯಾಪಾರದ ಒಪ್ಪಂದದ ನಿಯಂತ್ರಣದಲ್ಲಿದೆ. ಅಪ್ಪಟ ಅಗರು ಎಣ್ಣೆಯನ್ನು ನಾನೊಮ್ಮೆ ಮೂಸಿದ್ದೇನೆ: ಚರ್ಮ, ಹಳೇ ಹುಲ್ಲು, ದನದ ಕೊಟ್ಟಿಗೆ, ಕೊನೆಗೆ ಜೇನು. ಅದನ್ನು ಬಯಸಿ ಊದ್ ವುಡ್ ಕೊಂಡರೆ ನಿರಾಸೆ ಖಂಡಿತ. ಇಲ್ಲಿ ಕೊಟ್ಟಿಗೆಯಿಲ್ಲ, ಹೊಗೆಯೂ ಇಲ್ಲ. ಚೆನ್ನಾಗಿ ಉಜ್ಜಿ ನಯ ಮಾಡಿದ ಮರವಿದೆ.

ನನ್ನ ಮೈಮೇಲೆ ಇದು ನಡೆಯುವ ರೀತಿ ಹೀಗೆ. ಮೊದಲ ಹತ್ತು ನಿಮಿಷ ಏಲಕ್ಕಿ ಮತ್ತು ಸಿಚುವಾನ್ ಮೆಣಸಿನ ಚುರುಕು, ಜೊತೆಗೆ ರೋಸ್‌ವುಡ್‌ನ ತೆಳು ಸಿಹಿ. ಅರ್ಧ ಗಂಟೆಗೆ ಮರಗಳು ಒಂದೊಂದಾಗಿ ಬಂದು ಕೂರುತ್ತವೆ: ಅಗರು, ಶ್ರೀಗಂಧ, ಲಾವಂಚ. ಶ್ರೀಗಂಧವನ್ನು ಕನ್ನಡದ ಮೂಗಿಗೆ ಯಾರೂ ಪರಿಚಯಿಸಬೇಕಿಲ್ಲ. ಆ ಹಾಲಿನಂಥ ನುಣುಪು ತಟ್ಟನೆ ಗೊತ್ತಾಗುತ್ತದೆ. ಲಾವಂಚ ಮಾತ್ರ ಬೇಗ ಸಿಗುವುದಿಲ್ಲ. ಬೇರು ಒಣಗಿದಂಥ, ನೆರಳಿನಂಥ ತಂಪು ಅದು. ಅದಿಲ್ಲದಿದ್ದರೆ ಕೆಳಗಿನ ಸಿಹಿ ಅತಿಯಾಗುತ್ತಿತ್ತು. ಮೂರು ಗಂಟೆ ದಾಟಿದ ಮೇಲೆ ಟೋಂಕಾ ಬೀಜ, ವೆನಿಲ್ಲಾ, ಆಂಬರ್ ಸೇರಿ ಬೆಚ್ಚಗಾಗುತ್ತದೆ. ಆ ರಾತ್ರಿ ನನಗೆ ಸಿಕ್ಕಿದ್ದು ಈ ಘಟ್ಟ.

ಈ ಸೆಂಟು ಸೇರುವ ವುಡಿ ಓರಿಯೆಂಟಲ್ ಎಂಬ ವರ್ಗದ ಗುಟ್ಟೂ ಇಲ್ಲೇ ಇದೆ. ಮೇಲೆ ಒಣ ಮರ, ಕೆಳಗೆ ಸಿಹಿ ರಾಳ. ಆ ಸಿಹಿಯ ಪರಂಪರೆಗೆ ಫ್ರಾನ್ಸಿನ ಸುಗಂಧ ಸಂಸ್ಥೆ ಗೆರ್ಲಾನ್ 1925ರಲ್ಲಿ ತಂದ ಶಾಲಿಮಾರ್ ಎಂಬ ಸೆಂಟು ದೊಡ್ಡ ಮಾದರಿ. ಆಂಬರ್ ಎನ್ನುವುದು ಇಲ್ಲಿ ಒಂದೇ ವಸ್ತುವಿನ ಹೆಸರಲ್ಲ, ಲ್ಯಾಬ್ಡನಮ್, ಬೆಂಜೊಯಿನ್ ಎಂಬ ರಾಳಗಳು, ವೆನಿಲ್ಲಾ ಮುಂತಾದವನ್ನು ಕೂಡಿಸಿ ಕಟ್ಟುವ ಬೆಚ್ಚನೆಯ ಹದ. ಸುಗಂಧಗಳನ್ನು ವರ್ಗೀಕರಿಸುವ ಮೈಕೆಲ್ ಎಡ್ವರ್ಡ್ಸ್ 2021ರಲ್ಲಿ ಓರಿಯೆಂಟಲ್, ಅಂದರೆ ಪೂರ್ವದೇಶದ್ದು, ಎಂಬ ಪದ ಬಿಟ್ಟು ಆಂಬರ್ ಎಂದೇ ಕರೆಯತೊಡಗಿದರು. ಸರಿಯಾದ ಕೆಲಸ. ಪೂರ್ವ ಎಂಬುದು ಒಂದು ವಾಸನೆಯಲ್ಲ.

ಇನ್ನು ವ್ಯಕ್ತಿತ್ವದ ಮಾತು. ಸೆಂಟು ಹಾಕಿದ ಮಾತ್ರಕ್ಕೆ ಯಾರ ಸ್ವಭಾವವೂ ಬದಲಾಗುವುದಿಲ್ಲ. ಆದರೆ ನಾವು ಕೋಣೆಯೊಳಗೆ ಎಷ್ಟು ಜಾಗ ತೆಗೆದುಕೊಳ್ಳುತ್ತೇವೆ ಎಂಬುದನ್ನು ಅದು ನಮಗಿಂತ ಮೊದಲೇ ಹೇಳಿಬಿಡುತ್ತದೆ. ಕೆಲವು ಸೆಂಟು ಬಾಗಿಲಲ್ಲೇ ಕೂಗಿ ಹೆಸರು ಹೇಳುತ್ತವೆ. ಊದ್ ವುಡ್ ಸಭೆಯಲ್ಲಿ ಮೂಲೆಯ ಕುರ್ಚಿ ಹಿಡಿದು, ಎಲ್ಲರ ಮಾತು ಕೇಳಿ, ಕೊನೆಯಲ್ಲಿ ಎರಡೇ ವಾಕ್ಯ ಆಡುವವರ ಹಾಗೆ. ಆ ಎರಡು ವಾಕ್ಯ ಮನೆಗೆ ಹೋದ ಮೇಲೂ ನೆನಪಿರುತ್ತದೆ. ಸಂಕೋಚದವರ ಮೌನ ಅಲ್ಲ ಇದು, ತನ್ನ ಮಾತಿನ ಬೆಲೆ ಗೊತ್ತಿರುವವರ ಮೌನ. ನಾನು ಅಂಥ ವ್ಯಕ್ತಿ ಎನ್ನುತ್ತಿಲ್ಲ. ಆದರೆ ಇದನ್ನು ಹಾಕಿಕೊಂಡ ದಿನ ನನ್ನ ದನಿ ಸ್ವಲ್ಪ ತಗ್ಗುತ್ತದೆ, ಅದು ನನಗೆ ಇಷ್ಟ.

ಯುನಿಸೆಕ್ಸ್ ಎಂಬ ಮಾತನ್ನು ನಾನು ಮೊದಲು ನಂಬಿರಲಿಲ್ಲ. ಎರಡು ಗಿರಾಕಿಗೆ ಒಂದೇ ಬಾಟಲಿ ಮಾರುವ ಉಪಾಯ ಎಂದುಕೊಂಡಿದ್ದೆ. ಮನಸ್ಸು ಬದಲಾಗಿದ್ದು ಮನೆಯಲ್ಲೇ. ತಮ್ಮ ಹಾಕಿಕೊಂಡರೆ ಮೆಣಸು, ಲಾವಂಚ ಮುಂದೆ ಬರುತ್ತವೆ. ಅಕ್ಕನ ಮೈಮೇಲೆ ಏಲಕ್ಕಿ ಬೇಗ ಕರಗಿ ಟೋಂಕಾ, ಶ್ರೀಗಂಧ ಉಳಿಯುತ್ತವೆ. ಅಮ್ಮ ಒಂದು ಸಲ ಮೂಸಿ, "ಹಳೇ ಮರದ ಪೆಟ್ಟಿಗೆ ತೆಗೆದ ಹಾಗಿದೆಯಲ್ಲ, ಒಳಗೆ ಬಟ್ಟೆ ಇನ್ನೂ ಬೆಚ್ಚಗಿದೆ" ಎಂದರು. ಇದಕ್ಕಿಂತ ಒಳ್ಳೆಯ ವಿವರಣೆ ನಾನು ಬೇರೆಲ್ಲೂ ಓದಿಲ್ಲ. ಕನ್ನಡದಲ್ಲಿ ಬಂದ, ಬಂದಳು ಎಂದರೆ ಗಂಡೋ ಹೆಣ್ಣೋ ತಿಳಿಯುತ್ತದೆ. ಬಂದೆ ಎಂದರೆ ತಿಳಿಯುವುದಿಲ್ಲ; ಅಲ್ಲಿ ಇರುವುದು ಮಾತಾಡುವ ಜೀವ ಮಾತ್ರ. ಈ ಸೆಂಟು ಬಂದೆ ಎನ್ನುವ ಕ್ರಿಯಾಪದದ ಹಾಗೆ.

ಬಾಳಿಕೆಯ ಬಗ್ಗೆ ನೇರ ಉತ್ತರ: ನನ್ನ ಒಣ ಚರ್ಮದ ಮೇಲೆ ಆರು ಗಂಟೆ, ಬಟ್ಟೆಯ ಮೇಲೆ ಮರುದಿನದವರೆಗೆ. ಮೊದಲ ಒಂದು ಗಂಟೆಯ ನಂತರ ತೋಳಳತೆ ದೂರದವರಿಗಷ್ಟೇ ಗೊತ್ತಾಗುತ್ತದೆ. ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿದ ಮೇಲೆ ಹಾಕಿಕೊಂಡರೆ ಇನ್ನೊಂದು ಗಂಟೆ ಸಿಗುತ್ತದೆ. ನಡುವೆ ನನಗೇ ವಾಸನೆ ಬರುತ್ತಿಲ್ಲ ಎಂದು ಒಂದು ದಿನ ಆರು ಸ್ಪ್ರೇ ಹಾಕಿಕೊಂಡು ಕಿಟಕಿಯಿಲ್ಲದ ಮೀಟಿಂಗ್ ಕೋಣೆಗೆ ಹೋದೆ. ಪಕ್ಕದಲ್ಲಿದ್ದ ಸಹೋದ್ಯೋಗಿ ತಲೆನೋವೆಂದು ಎದ್ದು ಹೋದರು. ನನಗೆ ಬಹಳ ನಾಚಿಕೆಯಾಯಿತು. ದಿನವೂ ಮೂಸುವ ವಾಸನೆಗೆ ನಮ್ಮ ಮೂಗು ಒಗ್ಗಿಹೋಗುತ್ತದೆ, ಸೆಂಟು ಆರಿಹೋಗಿರುವುದಿಲ್ಲ. ಅಂದಿನಿಂದ ವಾರದಲ್ಲಿ ಕೆಲವು ದಿನ ಬಿಡುತ್ತೇನೆ.

ಎರಡನೆಯ ಮತ್ತು ಮೂರನೆಯ ಬಾಟಲಿಯ ನಡುವೆ ಒಂದು ನಕಲಿಯೂ ಬಂದು ಹೋಯಿತು. ಕಡಿಮೆ ದರಕ್ಕೆ ಕೊಡುತ್ತೇನೆಂದ ಒಬ್ಬ ಆನ್‌ಲೈನ್ ಮಾರಾಟಗಾರನಿಂದ ತರಿಸಿದ್ದೆ. ಡಬ್ಬಿ, ಬಾಟಲಿ, ಮುಚ್ಚಳ ಎಲ್ಲ ಸರಿಯೇ ಕಂಡವು. ಮೊದಲ ಎರಡು ನಿಮಿಷದ ಏಲಕ್ಕಿಯೂ ಸರಿ. ನಕಲಿ ಮಾಡುವವರು ಶ್ರಮ ಹಾಕುವುದು ಆ ಎರಡು ನಿಮಿಷಕ್ಕೇ. ಇಪ್ಪತ್ತನೇ ನಿಮಿಷಕ್ಕೆ ಉಳಿದದ್ದು ಒರಟು ಸಿಹಿ ಮಾತ್ರ, ಮರವೇ ಇರಲಿಲ್ಲ. ಹೊಸ ಬಾಟಲಿ ಬಂದ ದಿನ ಮೂರು ಗಂಟೆ ಕಾದು ಮೂಸಿ. ಅಡಿಯ ಬಿಸುಪು ಬರದಿದ್ದರೆ ತಕ್ಷಣ ಹಿಂದಿರುಗಿಸಿ.

ಇಡುವ ಜಾಗವೂ ಮುಖ್ಯ. ಮೊದಲ ಬಾಟಲಿಯನ್ನು ಕಿಟಕಿಯ ಪಕ್ಕ ಇಟ್ಟಿದ್ದೆ. ಬಿಸಿಲಿಗೆ ಕೊನೆಯ ಕಾಲುಭಾಗದಲ್ಲಿ ಆರಂಭದ ಚುರುಕು ಮಂಕಾಯಿತು. ಈಗ ಡಬ್ಬಿಯೊಳಗೇ, ಕಪಾಟಿನಲ್ಲಿ. ಬಚ್ಚಲಿನಲ್ಲಂತೂ ಇಡಬೇಡಿ.

ಯಾರಿಗೆ ಹೇಳಲಿ ಇದನ್ನು? ಹೊಗಳಿಕೆ ಎಣಿಸುವವರಿಗೆ ಬೇಡ, ಅವರಿಗೆ ಬೇಕಾದ ಅಬ್ಬರ ಇದರಲ್ಲಿಲ್ಲ. ಹತ್ತಿರ ಬಂದವರಿಗೆ ಮಾತ್ರ ಕೇಳಿಸಿದರೆ ಸಾಕು ಎನ್ನುವವರು, ಗಂಡಾಗಲಿ ಹೆಣ್ಣಾಗಲಿ, ಒಂದು ಸಂಜೆ ಮಣಿಕಟ್ಟಿಗೆ ಹಾಕಿಕೊಂಡು ಮರೆತುಬಿಡಿ. ಅಂಗಡಿಯಲ್ಲೇ ನಿಂತು ತೀರ್ಮಾನಿಸಬೇಡಿ, ನಾನು ಹಾಗೆ ಮಾಡಿದ್ದರೆ ಇದು ನನಗೆ ಸಿಗುತ್ತಲೇ ಇರಲಿಲ್ಲ.

ನಾಲ್ಕನೆಯ ಬಾಟಲಿ ತಂದಾಗಿದೆ. ಮೂರನೆಯದರಲ್ಲಿ ಇನ್ನೂ ಹತ್ತು ಹದಿನೈದು ಸ್ಪ್ರೇ ಉಳಿದಿದೆ. ಅದು ತನ್ನ ಬಟ್ಟೆ ಕಪಾಟಿಗೆ ಬೇಕೆಂದು ಅಮ್ಮ ಈಗಾಗಲೇ ಹೇಳಿಟ್ಟಿದ್ದಾರೆ.