ಏರ್‌ಟ್ಯಾಗ್, ಸ್ಮಾರ್ಟ್‌ಟ್ಯಾಗ್ 2, ಜಿಯೋಟ್ಯಾಗ್ ಗೋ: ಐದು ತಿಂಗಳು ಮೂರನ್ನೂ ಬಳಸಿ ನೋಡಿದ ಮೇಲೆ

ನಮ್ಮ ಮನೆಯಲ್ಲಿ ಮೂರು ಜನ, ಮೂರು ತರಹದ ಫೋನ್. ಹೆಂಡತಿಯದು ಐಫೋನ್ 13, ನನ್ನದು ಸ್ಯಾಮ್‌ಸಂಗ್ ಎ ಸರಣಿಯದು, ಅಮ್ಮನದು ಬೇರೆ ಕಂಪನಿಯ ಸಾದಾ ಆಂಡ್ರಾಯ್ಡ್. ಕೀ ಎಲ್ಲಿ, ಪರ್ಸ್ ಎಲ್ಲಿ ಅಂತ ಹುಡುಕುವುದರಲ್ಲೇ ಬೆಳಗಿನ ಹೊತ್ತು ಹೋಗುತ್ತಿತ್ತು. ಕೊನೆಗೆ ವಸ್ತುವಿಗೆ ಕಟ್ಟಿದರೆ ಅದು ಎಲ್ಲಿದೆ ಅಂತ ಫೋನಿನಲ್ಲಿ ತೋರಿಸುವ ಪುಟ್ಟ ಟ್ಯಾಗ್, ಒಬ್ಬೊಬ್ಬರ ಫೋನಿಗೆ ಒಗ್ಗುವಂಥದ್ದು, ಒಂದೊಂದು ತಂದೆವು. ಹಾಗಾಗಿ ಈ ಹೋಲಿಕೆ ಅಂಗಡಿಯಲ್ಲಿ ಮುಟ್ಟಿ ನೋಡಿ ಬರೆದದ್ದಲ್ಲ. ಮೈಸೂರಿನ ಮನೆ, ಬೆಂಗಳೂರಿನ ಓಡಾಟ, ತೀರ್ಥಹಳ್ಳಿ ಹತ್ತಿರದ ಮಾವನ ತೋಟ, ಮೂರು ಕಡೆಯೂ ಬಳಸಿ ಬರೆದದ್ದು.

ಮೊದಲು ಒಂದು ವಿಷಯ ಗೊತ್ತಿರಲಿ. ಇವು ಜಿಪಿಎಸ್ ಅಲ್ಲ. ಒಳಗೆ ಸಿಮ್ ಇಲ್ಲ, ಇಂಟರ್ನೆಟ್ ಇಲ್ಲ. ಟ್ಯಾಗ್ ಸುಮ್ನೆ ಬ್ಲೂಟೂತ್‌ನಲ್ಲಿ "ನಾನಿಲ್ಲಿದ್ದೀನಿ" ಅಂತ ಆಗಾಗ ಕೂಗುತ್ತಿರುತ್ತದೆ, ಪಕ್ಕದಲ್ಲಿ ಹಾದುಹೋಗುವ ಯಾರದೋ ಫೋನ್ ಅದನ್ನು ಕೇಳಿಸಿಕೊಂಡು ತಾನಿರುವ ಜಾಗವನ್ನು ಜಾಲಕ್ಕೆ ಕಳಿಸುತ್ತದೆ, ಅದು ನಮ್ಮ ಮ್ಯಾಪಿನಲ್ಲಿ ಕಾಣುತ್ತದೆ. ಆ ಫೋನಿನವರಿಗೆ ಇದು ಗೊತ್ತೂ ಆಗುವುದಿಲ್ಲ. ಅಂದರೆ ಟ್ಯಾಗ್ ಎಷ್ಟು ಚೆನ್ನಾಗಿದೆ ಅನ್ನೋದಕ್ಕಿಂತ, ಕಳೆದುಹೋದ ವಸ್ತುವಿನ ಸುತ್ತ ಯಾರ ಫೋನ್ ಓಡಾಡುತ್ತಿದೆ ಅನ್ನೋದೇ ಮುಖ್ಯ. ಏರ್‌ಟ್ಯಾಗಿಗೆ ಆಪಲ್ ಸಾಧನಗಳು ಬೇಕು, ಸ್ಮಾರ್ಟ್‌ಟ್ಯಾಗಿಗೆ ಗ್ಯಾಲಕ್ಸಿ ಫೋನ್‌ಗಳು ಬೇಕು, ಜಿಯೋಟ್ಯಾಗ್ ಗೋಗೆ ಗೂಗಲ್‌ನ ಫೈಂಡ್ ಹಬ್ ಜಾಲದಲ್ಲಿರುವ ಆಂಡ್ರಾಯ್ಡ್ ಫೋನ್‌ಗಳು ಬೇಕು.

ಏರ್‌ಟ್ಯಾಗಿನಿಂದ ಶುರು ಮಾಡುತ್ತೇನೆ. ನಮ್ಮ ಹತ್ರ ಇರುವುದು 2021ರಲ್ಲಿ ಬಂದ ಮೊದಲನೇದು. ಆಗ ಬೆಲೆ 3,190 ರೂಪಾಯಿ. 11 ಗ್ರಾಂ ತೂಕದ ಬಿಳಿ ಗುಂಡಿ. ಕೀಗೆ ಪೋಣಿಸಲು ತೂತಿಲ್ಲ, ಹೋಲ್ಡರ್‌ಗೆ ಬೇರೆ ದುಡ್ಡು ಕೊಡಬೇಕು. ಆದರೆ ಹತ್ತಿರ ಇರುವ ವಸ್ತು ಹುಡುಕಲು ಮೂರರಲ್ಲಿ ಇದೇ ಮೇಲು. ಒಳಗಿರುವ, ದೂರ ಮತ್ತು ದಿಕ್ಕನ್ನು ರೇಡಿಯೋ ಅಲೆಯಿಂದ ಅಳೆಯುವ ಯುಡಬ್ಲ್ಯುಬಿ ಚಿಪ್‌ನಿಂದಾಗಿ ಐಫೋನ್ ಪರದೆ ಮೇಲೆ ಬಾಣ ಬರುತ್ತದೆ, ಎಷ್ಟು ಮೀಟರ್ ದೂರ ಅಂತಲೂ ತೋರಿಸುತ್ತದೆ. ಐಫೋನ್ 11 ಮತ್ತು ಅದರ ನಂತರದ ಬಹುತೇಕ ಫೋನ್‌ಗಳಲ್ಲಿ ಇದು ಸಿಗುತ್ತದೆ, ಎಸ್‌ಇಯಲ್ಲಿ ಇಲ್ಲ.

ಡಿಸೆಂಬರ್‌ನಲ್ಲಿ ಮಾವನ ಮನೆಯಲ್ಲಿ ಅಡಿಕೆ ಸುಲಿತ ನಡೀತಿತ್ತು. ಹೆಂಡತಿಯ ಕೀಗೊಂಚಲು ಎಲ್ಲೋ ಬಿತ್ತು. ಅಂಗಳ, ಕಣ, ಬಚ್ಚಲ ಒಲೆ ಹತ್ತಿರ, ಎಲ್ಲ ಕಡೆ ನೋಡಿದ್ದಾಯಿತು. ಸೌಂಡ್ ಮಾಡಿಸಿದರೆ ಸಿಪ್ಪೆ ರಾಶಿಯ ಕಡೆಯಿಂದ ಹುಳ ಕೂಗಿದ ಹಾಗೆ ಸಣ್ಣ ದನಿ, ಸೊಂಟದೆತ್ತರದ ರಾಶಿಯಲ್ಲಿ ಎಲ್ಲಿಂದ ಅಂತ ತಿಳಿಯುತ್ತಿರಲಿಲ್ಲ. ಬಾಣವೂ ಮೊದಲು ಆಚೀಚೆ ಅಲೆಯಿತು, ಸಿಪ್ಪೆ ಹಸಿ ಇತ್ತಲ್ಲ, ನೀರಿನಂಶ ಸಿಗ್ನಲ್ ನುಂಗುತ್ತದೆ. ನಾಲ್ಕು ಹೆಜ್ಜೆ ಬದಿಗೆ ಹೋಗಿ ನಿಂತಾಗ ಸರಿಯಾಗಿ ತೋರಿಸಿತು. ರಾಶಿಯ ಹಿಂಬದಿಯಲ್ಲಿ ಮೊಣಕೈವರೆಗೆ ಕೈ ಹಾಕಿದೆ. ಕೀ ಬಂತು, ಕೈ ತುಂಬ ಅಡಿಕೆ ಚೊಗರಿನ ಕಂದು ಬಣ್ಣ. ಬಾಣ ಇಲ್ಲದಿದ್ದರೆ ಆ ಕೀ ಸಿಪ್ಪೆ ಜೊತೆ ಗೊಬ್ಬರದ ಗುಂಡಿ ಸೇರುತ್ತಿತ್ತು.

ಸ್ಮಾರ್ಟ್‌ಟ್ಯಾಗ್ 2 ಬಂದದ್ದು 2023ರ ಅಕ್ಟೋಬರ್‌ನಲ್ಲಿ, 2,799 ರೂಪಾಯಿಗೆ. ಉದ್ದುದ್ದ ಇದೆ, ದೊಡ್ಡ ತೂತಿದೆ, ಸೀದಾ ಕೀ ರಿಂಗ್ ಹಾಕಬಹುದು. ನನಗೆ ತುಂಬಾ ಹಿಡಿಸಿದ್ದು ಅದರ ಬಟನ್. ಎರಡು ಸಲ ಒತ್ತಿದರೆ ಫೋನ್ ಕೂಗಿಕೊಳ್ಳುತ್ತದೆ, ಸೈಲೆಂಟ್‌ನಲ್ಲಿದ್ದರೂ. ಏರ್‌ಟ್ಯಾಗಿನಲ್ಲಿ ಬಟನ್ನೇ ಇಲ್ಲ. ಇದರಲ್ಲೂ ಯುಡಬ್ಲ್ಯುಬಿ ಇದೆ, ಆದರೆ ಫೋನಿನಲ್ಲೂ ಇರಬೇಕು. ಎ ಸರಣಿಯಲ್ಲಿ ಅದು ಬರುವುದಿಲ್ಲ, ಹಾಗಾಗಿ ನನಗೆ ಬಾಣ ಸಿಗಲಿಲ್ಲ, ಹತ್ತಿರ ಹೋದಷ್ಟೂ ಸಿಗ್ನಲ್ ಜಾಸ್ತಿ ಆಗುವುದನ್ನು ನೋಡಿಕೊಂಡೇ ಹುಡುಕಬೇಕು. ಫೋನ್ ಯಾವುದು ಅಂತ ನೋಡದೆ "ಯುಡಬ್ಲ್ಯುಬಿ ಇದೆ" ಅಂತ ಓದಿ ಕೊಳ್ಳಬೇಡಿ.

ದೂರದ ವಸ್ತು ಸಿಗುತ್ತದಾ? ಸಿಕ್ಕಿತು. ಬೆಂಗಳೂರಿನಿಂದ ಬರುತ್ತಾ ಮಂಡ್ಯದಲ್ಲಿ ಇಳಿದವನು ಈ ಟ್ಯಾಗ್ ಹಾಕಿದ್ದ ಲ್ಯಾಪ್‌ಟಾಪ್ ಬ್ಯಾಗನ್ನು ಬಸ್ಸಿನ ಮೇಲಿನ ರ‍್ಯಾಕ್‌ನಲ್ಲೇ ಬಿಟ್ಟಿದ್ದೆ. ನೆನಪಾದಾಗ ಬಸ್ ಹೋಗಿ ಇಪ್ಪತ್ತು ನಿಮಿಷ. ಆಪ್ ತೆಗೆದರೆ ಇನ್ನೂ ಮಂಡ್ಯ ಅಂತಲೇ ಇತ್ತು. ಆಮೇಲೆ ಶ್ರೀರಂಗಪಟ್ಟಣ ಬಂತು, ಆಮೇಲೆ ಮೈಸೂರು ಬಸ್ ಸ್ಟ್ಯಾಂಡ್. ಬಸ್ಸಿನಲ್ಲಿ ಯಾರದೋ ಗ್ಯಾಲಕ್ಸಿ ಫೋನ್ ಇತ್ತು, ಅವರು ಯಾರೋ ಏನೋ, ಅವರಿಗೆ ಮನಸಾರೆ ಥ್ಯಾಂಕ್ಸ್. ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಕಂಡಕ್ಟರ್ ಬ್ಯಾಗನ್ನು ಕಂಟ್ರೋಲರ್ ಹತ್ರ ಕೊಟ್ಟಿದ್ದರು. ಅವರು ನಂಬರ್‌ಗೋಸ್ಕರ ಬ್ಯಾಗೆಲ್ಲ ನೋಡಿದ್ದರಂತೆ. ಟ್ಯಾಗಿಗೆ ಎನ್‌ಎಫ್‌ಸಿ (ಮುಟ್ಟಿಸಿದರೆ ಮಾಹಿತಿ ಓದುವ ಸೌಲಭ್ಯ) ಇರುವ ಫೋನ್ ಮುಟ್ಟಿಸಿದರೆ ನಾವು ಬರೆದಿಟ್ಟ ಮೆಸೇಜ್ ಕಾಣುತ್ತದೆ, ನಿಜ, ಆದರೆ ಕಡಿಮೆ ಬೆಲೆಯ ತುಂಬಾ ಫೋನ್‌ಗಳಲ್ಲಿ ಎನ್‌ಎಫ್‌ಸಿ ಇರುವುದಿಲ್ಲ, ಇದ್ದರೂ ಮುಟ್ಟಿಸಬೇಕು ಅಂತ ಎಷ್ಟು ಜನರಿಗೆ ಗೊತ್ತು? ಅವತ್ತಿನಿಂದ ಮೂರೂ ಟ್ಯಾಗಿನ ಬೆನ್ನಿಗೆ ಪೆನ್ನಿನಲ್ಲಿ ನಂಬರ್ ಬರೆದ ಚೀಟಿ ಅಂಟಿಸಿದ್ದೇವೆ. ನೀವೂ ಅಂಟಿಸಿ.

ಇದಕ್ಕೆ ಒಂದು ಷರತ್ತಿದೆ. ಗ್ಯಾಲಕ್ಸಿ ಬಿಟ್ಟು ಬೇರೆ ಕಂಪನಿಯ ಫೋನ್ ತಗೊಂಡ ದಿನವೇ ಸ್ಮಾರ್ಟ್‌ಟ್ಯಾಗ್ ನಿಮ್ಮ ಪಾಲಿಗೆ ಮುಗಿದಂತೆ.

ಬ್ಯಾಟರಿ ಮೂರಕ್ಕೂ ಸಿಆರ್2032, ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಏರ್‌ಟ್ಯಾಗ್ ಒಂದು ವರ್ಷಕ್ಕಿಂತ ಜಾಸ್ತಿ, ಸ್ಮಾರ್ಟ್‌ಟ್ಯಾಗ್ 2 ಮಾಮೂಲಿ ಬಳಕೆಯಲ್ಲಿ 500 ದಿನ, ಜಿಯೋಟ್ಯಾಗ್ ಗೋ ಸುಮಾರು ಒಂದು ವರ್ಷ ಅಂತ ಕಂಪನಿಗಳ ಮಾತು. ಮಕ್ಕಳು ನುಂಗದಿರಲಿ ಅಂತ ಕಹಿ ಲೇಪ ಹಾಕಿದ ಬ್ಯಾಟರಿ ಏರ್‌ಟ್ಯಾಗಿನಲ್ಲಿ ಕೆಲವೊಮ್ಮೆ ಕೆಲಸ ಮಾಡುವುದಿಲ್ಲ, ಕೊಳ್ಳುವಾಗ ನೋಡಿ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಹಳೇ ಬ್ಯಾಟರಿಯನ್ನು ದಯವಿಟ್ಟು ಮೇಜಿನ ಮೇಲೆ ಬಿಡಬೇಡಿ, ನುಂಗಿದರೆ ಪ್ರಾಣಕ್ಕೇ ಅಪಾಯ.

ಇನ್ನು ಅಮ್ಮನ ವಿಷಯ. ಒಂದು ದಿನ ಹೆಂಡತಿಯ ಕೀಗೊಂಚಲು ಹಿಡಿದು ತಂಗಿಯ ಮನೆಗೆ ಹೋಗಿದ್ದರು. ದಾರಿಯಲ್ಲಿ ಅವರ ಫೋನಿಗೆ, ಗೊತ್ತಿಲ್ಲದ ಟ್ರ್ಯಾಕರ್ ನಿಮ್ಮ ಜೊತೆ ಬರುತ್ತಿದೆ ಅಂತ ಎಚ್ಚರಿಕೆ ಬಂತು. ಗಾಬರಿಯಾಗಿ ಫೋನ್ ಮಾಡಿದರು. ಇದು ಇರಲೇಬೇಕಾದ ವ್ಯವಸ್ಥೆ, ಯಾರೋ ಹೆಣ್ಣುಮಗಳ ಬ್ಯಾಗಿಗೆ ಕದ್ದು ಟ್ಯಾಗ್ ಹಾಕಿದರೆ ಗೊತ್ತಾಗಬೇಕಲ್ವಾ. ಆದರೆ ಮನೆಯ ಹಿರಿಯರಿಗೆ ಮೊದಲೇ ಹೇಳಿಡಿ. ಇದೇ ಕಾರಣಕ್ಕೆ ಸ್ಕೂಟರ್ ಕಳ್ಳತನಕ್ಕೆ ಈ ಟ್ಯಾಗ್ ನಂಬಬೇಡಿ, ಕಳ್ಳನಿಗೂ ಎಚ್ಚರಿಕೆ ಹೋಗುತ್ತದೆ. ಗಾಡಿಗೆ ಸಿಮ್ ಇರುವ ಜಿಪಿಎಸ್ಸೇ ಬೇಕು.

ಅಮ್ಮನಿಗೆ ಕೊಟ್ಟದ್ದು ಜಿಯೋಟ್ಯಾಗ್ ಗೋ. 2024ರ ಡಿಸೆಂಬರ್‌ನಲ್ಲಿ 1,499ಕ್ಕೆ ಬಂತು. ಬಾಣ ಇಲ್ಲ, ಸದ್ದು ಇದೆ, ಮನೆಯೊಳಗೆ ಕೀ ಹುಡುಕಲು ಅಷ್ಟು ಸಾಕು. ಜಿಯೋಟ್ಯಾಗ್ ಏರ್ ಅಂತ ಇನ್ನೊಂದಿದೆ, ಅದು ಆಪಲ್ ಜಾಲಕ್ಕೆ. ಹೆಸರು ಒಂದೇ ತರಹ ಇರುವುದರಿಂದ ಡಬ್ಬಿ ಓದಿ ತಗೊಳ್ಳಿ. ಅದಕ್ಕೂ ಮುಂಚೆ ಆನ್‌ಲೈನ್‌ನಲ್ಲಿ 300 ರೂಪಾಯಿಯ ಹೆಸರಿಲ್ಲದ ಟ್ಯಾಗ್ ಒಂದು ತರಿಸಿದ್ದೆವು. ಅದಕ್ಕೆ ಯಾವ ಜಾಲವೂ ಇಲ್ಲ, ಫೋನ್ ಪಕ್ಕದಲ್ಲಿದ್ದರೆ ಮಾತ್ರ ಕೂಗುತ್ತದೆ. ದಂಡ.

ಜಿಯೋಟ್ಯಾಗ್ ಗೋ ಬಗ್ಗೆ ನನಗೆ ತುಂಬಾ ಆಸೆ ಇತ್ತು, ಯಾಕಂದರೆ ನಮ್ಮ ದೇಶದಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಫೋನ್ ಆಂಡ್ರಾಯ್ಡೇ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಅಮ್ಮನ ಕೈಚೀಲ ಸಲೀಸಾಗಿ ಮ್ಯಾಪಿನಲ್ಲಿ ಕಂಡಿತು. ಹಳ್ಳಿಯಲ್ಲಿ ನೋಡೋಣ ಅಂತ ಏರ್‌ಟ್ಯಾಗ್ ಮತ್ತು ಇದು ಎರಡನ್ನೂ ತೋಟದ ಶೆಡ್ಡಿನಲ್ಲಿಟ್ಟು ನಾವು ತೀರ್ಥಹಳ್ಳಿ ಪೇಟೆಗೆ ಹೋದೆವು. ಅಮ್ಮ ಮೈಸೂರಿನಲ್ಲೇ ಇದ್ದರು. ಏರ್‌ಟ್ಯಾಗ್ ಕೊನೆಯ ಸಲ ಕಂಡ ಸಮಯ ಆಪ್‌ನಲ್ಲಿ ನಾವು ಬಿಟ್ಟ ಹೊತ್ತಿಗೇ ನಿಂತಿತ್ತು, ತೋಟದಲ್ಲಿ ಐಫೋನ್ ಯಾರ ಹತ್ರವೂ ಇಲ್ಲ. ಆದರೆ ಕೆಲಸಕ್ಕೆ ಬಂದವರ ಹತ್ರ ಆರು ಆಂಡ್ರಾಯ್ಡ್ ಫೋನ್ ಇದ್ದರೂ ಇದೂ ಅಲ್ಲಾಡಲಿಲ್ಲ. ಟ್ಯಾಗಿನ ತಪ್ಪಲ್ಲ. ಖಾಸಗಿತನ ಕಾಯಲು ಫೈಂಡ್ ಹಬ್ ಮೊದಲಿನಿಂದಲೇ ಜನ ಜಾಸ್ತಿ ಇರುವ ಕಡೆ ಮಾತ್ರ ಅನ್ನುವ ಸೆಟ್ಟಿಂಗ್‌ನಲ್ಲಿರುತ್ತದೆ, ಹಲವು ಫೋನ್‌ಗಳು ಒಂದೇ ಟ್ಯಾಗನ್ನು ಕಂಡರೆ ಮಾತ್ರ ಜಾಗ ತೋರಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಅದರೊಳಗೆ ಫೈಂಡ್ ಹಬ್, ಅಲ್ಲಿ ಆಫ್‌ಲೈನ್ ಸಾಧನ ಹುಡುಕುವ ಆಯ್ಕೆಗೆ ಹೋಗಿ "ಎಲ್ಲ ಪ್ರದೇಶಗಳಲ್ಲಿ" ಅನ್ನುವುದನ್ನು ಆರಿಸಬೇಕು. ಮಾವನಿಗೂ ಕೆಲಸದವರಿಗೂ ಇದೇನು ಅಂತ ಬಿಡಿಸಿ ಹೇಳಿ, ಒಪ್ಪಿದ ನಾಲ್ಕು ಜನರ ಫೋನಿನಲ್ಲಿ ಆನ್ ಮಾಡಿದೆ.

ಮಾರನೇ ದಿನ ಮಧ್ಯಾಹ್ನ ಅಮ್ಮ ಫೋನ್ ಮಾಡಿದರು. "ನನ್ನ ಟ್ಯಾಗು ತೋಟದಲ್ಲಿದೆ ಕಣೋ, ಹತ್ತು ನಿಮಿಷದ ಹಿಂದೆ ಅಂತ ತೋರಿಸ್ತಿದೆ."